ಬೆನ್ನಿಗೆ ಅಂಟಿದ ಕರಾರು

ಮಾರ್ಚ್ 3

ಭಾವನವರಿಗೆ ನಮಸ್ಕಾರ.

ಮೊದಲು ಆರೋಗ್ಯ ವಿಚಾರಿಸಿ ಆಮೇಲೆ ವಿಷಯಕ್ಕೆ ಬರುವುದು ಪದ್ಧತಿ. ಇವತ್ತು ನೇರ ವಿಷಯಕ್ಕೇ ಬರುತ್ತೇನೆ, ಬೈಯಬೇಡಿ. ಮನೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದರೆ, ಒಳಗಿರುವ ಬಾಡಿಗೆಯವಳು ಕಿಟಕಿ ಬಾಗಿಲುಗಳ ಜೊತೆ ಅಲ್ಲೇ ಉಳಿಯುತ್ತಾಳೋ, ಇಲ್ಲ ಹಳೇ ಕ್ಯಾಲೆಂಡರಿನ ಹಾಗೆ ಕಿತ್ತು ಎಸೆಯಬಹುದೋ?

ನಮ್ಮ ಮನೆ ಮಾಲೀಕ ಅಜ್ಜ ಚಳಿಗಾಲದಲ್ಲಿ ತೀರಿಕೊಂಡದ್ದನ್ನು ಬರೆದಿದ್ದೆನಲ್ಲ. ಮನೆ ಈಗ ಅವರ ಅಳಿಯನದು. ನಿನ್ನೆ ಅವರು ಮೆಟ್ಟಿಲು ಹತ್ತಿ ಬಂದರು. ನಾನು ಶಾಲೆಯ ಹಾಜರಿ ಪುಸ್ತಕಗಳನ್ನು ಹೊಲಿಯುತ್ತಿದ್ದೆ, ಬಾಯಲ್ಲಿ ದಾರ. ಅವರು ಕೋಣೆಯನ್ನೆಲ್ಲ ಒಂದು ಸುತ್ತು ನೋಡಿ, ಪುಸ್ತಕ ಒತ್ತುವ ನನ್ನ ಕಬ್ಬಿಣದ ಪ್ರೆಸ್ಸಿನ ಮೇಲೆ ಕೈಯಿಟ್ಟರು.

"ಇದನ್ನ ಮೇಲಕ್ಕೆ ಹೇಗಮ್ಮ ತಂದ್ರಿ?"

"ಕಿಟಕಿಯಿಂದ, ಹಗ್ಗ ಕಟ್ಟಿ."

"ಹಾಗಾದ್ರೆ ಕಿಟಕಿಯಿಂದಲೇ ಇಳಿಸ್ಬಹುದು. ತಿಂಗಳ ಕೊನೆಗೆ ಖಾಲಿ ಮಾಡ್ಕೊಡಿ, ನಮ್ಮ ಆಫೀಸಿಗೆ ಬೇಕು."

ಅಷ್ಟು ಹೇಳಿ ಇಳಿದು ಹೋದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಹಾಗಾಗಿ ಜಗಳ ಆಡುವುದಕ್ಕೂ ಆಗಲಿಲ್ಲ. ಇಷ್ಟು ಭಾರದ ಪ್ರೆಸ್ಸು ತಡೆಯುವ ನೆಲ, ಮಧ್ಯಾಹ್ನದವರೆಗೂ ಕಣ್ಣು ಕುಕ್ಕದ ಬೆಳಕು, ಎರಡು ಬೀದಿ ಆಚೆ ಶಾಲೆ, ಗ್ರಂಥಾಲಯ. ಇದೆಲ್ಲ ಇನ್ನೊಂದು ಕಡೆ ಸಿಗುವುದಿಲ್ಲ ಭಾವ. ಈ ಕೋಣೆ ಹೋದರೆ ನನ್ನ ಬೈಂಡಿಂಗ್ ಕೆಲಸವೂ ಹೋದ ಹಾಗೇ.

ನಿಮ್ಮ ನಾದಿನಿ


ಮಾರ್ಚ್ 9

ಗೋಂದಮ್ಮನಿಗೆ ಆಶೀರ್ವಾದ.

ನಾನು ವಕೀಲನಲ್ಲ. ಮೂವತ್ತೊಂದು ವರ್ಷ ವಕೀಲರು ಹೇಳಿದ್ದನ್ನೂ ನ್ಯಾಯಾಧೀಶರು ಹೇಳಿದ್ದನ್ನೂ ಟೈಪ್ ಮಾಡಿದವನು. ಹೀಗಾಗಿ ಎರಡೂ ಕಡೆಯ ಸುಳ್ಳು ನನಗೆ ಗೊತ್ತು.

ನಿನ್ನ ಪ್ರಶ್ನೆಗೆ ಉತ್ತರ: ಕಿಟಕಿ ಬಾಗಿಲಿನ ಹಾಗೆ ಉಳಿಯುತ್ತೀಯ. ಮನೆ ಯಾರ ಕೈಗೆ ಬಂತೋ ಅವರು ಹಳೇ ಮಾಲೀಕನ ಜಾಗದಲ್ಲಿ ನಿಲ್ಲುತ್ತಾರೆ. ಅವನು ಏನಕ್ಕೆ ಸಹಿ ಹಾಕಿದ್ದನೋ ಅದು ಇವರನ್ನೂ ಕಟ್ಟುತ್ತದೆ. ಮೆಟ್ಟಿಲ ಮೇಲೆ ನಿಂತು ಬಾಯಲ್ಲಿ ಹೇಳಿದ್ದು ನೋಟಿಸ್ ಅಲ್ಲ, ಹರಟೆ. ಅವರು ಏನೇ ಕಾಗದ ತಂದರೂ ಸಹಿ ಹಾಕಬೇಡ. ಬೀಗ ಬದಲಾಯಿಸುವುದಾಗಲಿ, ನೀರು ನಿಲ್ಲಿಸುವುದಾಗಲಿ ಅವರು ಮಾಡುವಂತಿಲ್ಲ. ಮಾಡಿದರೆ ಆ ದಿನವೇ ತಾರೀಖು ಬರೆದಿಡು, ಪಕ್ಕದವರಿಂದ ಸಹಿ ಹಾಕಿಸಿಕೋ.

ನಾಲ್ಕು ವರ್ಷದ ಹಿಂದೆ ನಿನ್ನ ಬಾಡಿಗೆ ಕರಾರನ್ನು ಟೈಪ್ ಮಾಡಿ ಕಳಿಸಿದವನು ನಾನೇ. ಕಾರ್ಬನ್ ಪ್ರತಿ ಈಗ ಎದುರಿಗಿದೆ. ಅವಧಿ ಆರು ವರ್ಷ. ಹನ್ನೊಂದು ಷರತ್ತು, ಒಂದೂ ಕಾಗುಣಿತದ ತಪ್ಪಿಲ್ಲ. ಒಂಬತ್ತನೆಯದು ಮಾತ್ರ ನಿನ್ನ ಅಕ್ಕ ಹಟ ಹಿಡಿದು ಸೇರಿಸಿದ್ದು, ಅದರ ಮಾತು ಈಗ ಬೇಡ. ಕಾರ್ಬನ್ನಿನಲ್ಲಿ ಸಹಿಯಿಲ್ಲ, ಮುದ್ರೆಯಿಲ್ಲ. ಅದನ್ನು ಹಿಡಿದುಕೊಂಡು ಹೋದರೆ ಯಾರೂ ತಿರುಗಿ ನೋಡುವುದಿಲ್ಲ. ಅಜ್ಜ ಸಹಿ ಹಾಕಿದ ಅಸಲು ನಿನ್ನ ಹತ್ತಿರ ಇದೆಯಲ್ಲ? ಎಲ್ಲಿಟ್ಟಿದ್ದೀಯ?

ನಿನ್ನ ಭಾವ


ಮಾರ್ಚ್ 16

ಭಾವನವರಿಗೆ,

ನಿಮ್ಮ ಪತ್ರವನ್ನು ನಾಲ್ಕು ಸಲ ಓದಿದೆ. ಕಾನೂನು ಇಷ್ಟು ಸ್ವಾರಸ್ಯವಾಗಿರುತ್ತದೆ ಅಂತ ಗೊತ್ತಿರಲಿಲ್ಲ. ಮನುಷ್ಯ ಸತ್ತರೂ ಅವನ ಸಹಿ ಬಾಗಿಲು ಕಾಯುತ್ತಾ ನಿಂತಿರುತ್ತದಲ್ಲ.

ನೀವು ಹೇಳಿಕೊಟ್ಟದ್ದನ್ನು ಅಳಿಯನವರಿಗೆ ಒಪ್ಪಿಸಿದೆ. "ಕರಾರು ಇದ್ರೆ ಮಾವನ ಜೊತೆ. ನನಗೂ ಅದಕ್ಕೂ ಏನು ಸಂಬಂಧ?" ಅಂದರು. ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗಾಯಿತು ಅಂದುಕೊಂಡೆ. ಅಂಥದೊಂದು ಕಾಗದ ಇದೆ ಅನ್ನುವುದೇ ತನಗೆ ಗೊತ್ತಿಲ್ಲ ಅಂದರು. ಅವರ ಮುಖ ನೋಡಿದರೆ ನಿಜವಿರಬಹುದು ಅನ್ನಿಸಿತು.

ಗುರುವಾರದಿಂದ ಮೇಲಿನ ನಲ್ಲಿಯಲ್ಲಿ ನೀರಿಲ್ಲ. ಪೈಪ್ ರಿಪೇರಿಯಂತೆ. ಕೆಳಗಿನ ಮನೆಯಲ್ಲಿರುವ ಕನ್ನಡಕದಂಗಡಿಯವರ ನಲ್ಲಿಯಲ್ಲಿ ಬರುತ್ತಿದೆ, ಪೈಪ್ ಒಂದೇ. ತಾರೀಖು ಬರೆದು ಅವರಿಂದ ಸಹಿ ಹಾಕಿಸಿಕೊಂಡೆ. ಹಾಕುವಾಗ ಎರಡು ಸಲ ಬೀದಿಯ ಕಡೆ ತಿರುಗಿ ನೋಡಿದರು. ಮೈದಾ ಅಂಟು ಕಾಯಿಸುವುದಕ್ಕೂ ಅವರ ಮನೆಯಿಂದಲೇ ಬಿಂದಿಗೆ ಹೊರುತ್ತಿದ್ದೇನೆ.

ಕರಾರು ಜೋಪಾನವಾಗಿದೆ. ಒಣಗಿದ ಜಾಗದಲ್ಲಿದೆ, ಹುಳ ಹತ್ತುವುದಿಲ್ಲ.

ಅಂದ ಹಾಗೆ, ಅಕ್ಕ ನನಗೆ ಬರೆದ ಪತ್ರಗಳನ್ನೆಲ್ಲ ಸೇರಿಸಿ, ಅವಳು ತೀರಿಕೊಂಡ ಮೇಲೆ ನಿಮಗೆ ಬೈಂಡ್ ಮಾಡಿ ಕಳಿಸಿದ್ದೆನಲ್ಲ, ನೀಲಿ ಬಟ್ಟೆಯ ಪುಸ್ತಕ. ಅದು ಹೇಗಿದೆ? ಬೆನ್ನು ಎಲ್ಲಾದರೂ ಸಡಿಲವಾಗಿದೆಯೇ? ಸುಮ್ಮನೆ ಕೇಳಿದೆ.

ನಿಮ್ಮ ನಾದಿನಿ


ಮಾರ್ಚ್ 22

ಗೋಂದಮ್ಮ,

ನಾನು ಕೇಳಿದ್ದು ಎಲ್ಲಿದೆ ಅಂತ. ನೀನು ಹೇಳಿದ್ದು ಹೇಗಿದೆ ಅಂತ. ಸಾಕ್ಷಿಕಟ್ಟೆಯಲ್ಲಿ ಹೀಗೆ ಉತ್ತರ ಕೊಟ್ಟ ಬಹಳ ಜನರ ಮಾತನ್ನು ಟೈಪ್ ಮಾಡಿದ್ದೇನೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗಿದೆ ನಿನ್ನ ಹುಳದ ಮಾತು. ನಿಜ ಹೇಳು, ಅಜ್ಜನಿಂದ ಸಹಿ ಹಾಕಿಸಿಕೊಳ್ಳಲೇ ಇಲ್ಲವೇ? ಸಂಕೋಚಪಟ್ಟು ಸುಮ್ಮನಿದ್ದುಬಿಟ್ಟೆಯಾ?

ನೀರಿನ ವಿಷಯವನ್ನು ಬಿಡಬೇಡ. ಬಾಡಿಗೆ ತಕರಾರುಗಳನ್ನು ಕೇಳುವ ಕಚೇರಿ ನಿಮ್ಮಲ್ಲೂ ಇದ್ದೇ ಇರುತ್ತದೆ. ಒಂದು ಪುಟದ ಅರ್ಜಿ ಸಾಕು. ಅಳಬೇಡ, ಬೈಯಬೇಡ, ತಾರೀಖು ಮಾತ್ರ ಬರೆ.

ಪುಸ್ತಕ ಚೆನ್ನಾಗಿದೆ. ವಾರಕ್ಕೊಂದು ಸಲ ತೆಗೆದು ಓದುತ್ತೇನೆ. ಬೆನ್ನು ಬಿಗಿಯಾಗಿದೆ, ಹೊಸದರ ಹಾಗೇ ಇದೆ. ನಿನ್ನ ಕೈಕೆಲಸಕ್ಕೆ ಹೆಸರಿಡುವ ಹಾಗಿಲ್ಲ.

ನಿನ್ನ ಭಾವ


ಮಾರ್ಚ್ 31

ಭಾವನವರಿಗೆ,

ಅರ್ಜಿ ಕೊಟ್ಟೆ. ಮೂರನೇ ದಿನಕ್ಕೆ ನೀರು ಬಂತು. ಪೈಪು ತಾನಾಗಿಯೇ ರಿಪೇರಿಯಾಯಿತಂತೆ. ಕಚೇರಿಯ ಅಧಿಕಾರಿ ಹೆಂಗಸು, ಮೂಗಿನ ತುದಿಯಲ್ಲಿ ಕನ್ನಡಕ. ನಾನು ಕೇಳಿದ ಪ್ರಶ್ನೆಗಳನ್ನೆಲ್ಲ ಕೇಳಿಸಿಕೊಂಡು, "ನೀವು ಬಾಡಿಗೆದಾರರೋ, ಪರೀಕ್ಷೆಗೆ ಓದ್ತಿದೀರೋ?" ಅಂದರು. ಕೊನೆಗೆ ಅವರು ಹೇಳಿದ್ದು ಇಷ್ಟು. ಕರಾರಿಲ್ಲದಿದ್ದರೂ ನಾನು ಬಾಡಿಗೆದಾರಳೇ, ಆದರೆ ತಿಂಗಳ ಬಾಡಿಗೆದಾರಳು. ಅಳಿಯನವರು ಸರಿಯಾದ ನೋಟಿಸ್ ಬರೆದು ಕೊಟ್ಟರೆ ಹೊರಡಬೇಕು. ಕರಾರಿದ್ದರೆ ಇನ್ನೂ ಎರಡು ವರ್ಷ ಯಾರೂ ಅಲ್ಲಾಡಿಸುವ ಹಾಗಿಲ್ಲ. ಮೇ ಹತ್ತರಂದು ಇಬ್ಬರೂ ಬರಬೇಕು, ಅಸಲು ಕಾಗದ ತರಬೇಕು.

ಇನ್ನು ಮುಚ್ಚಿಡುವುದಕ್ಕಾಗುವುದಿಲ್ಲ. ಅಜ್ಜ ಸಹಿ ಹಾಕಿದ್ದರು. ಮುದ್ರೆಯೂ ಬಿದ್ದಿತ್ತು, ಹಸಿರು ಮುದ್ರೆ. ಆ ಕಾಗದ ನಿಮ್ಮ ಮನೆಯಲ್ಲಿದೆ.

ಬೈಂಡಿಂಗ್ ಮಾಡುವವರು ಪುಸ್ತಕದ ಬೆನ್ನಿಗೆ, ಬಟ್ಟೆಯ ಒಳಗೆ, ಒಂದು ದಪ್ಪ ಕಾಗದವನ್ನು ಮೂರು ಮಡಿಕೆ ಮಾಡಿ ಅಂಟಿಸುತ್ತೇವೆ. ಯಾರಿಗೂ ಕಾಣಿಸದ ಜಾಗ, ಆದ್ದರಿಂದ ಹೊಸ ಕಾಗದ ಹಾಕುವುದಿಲ್ಲ. ಗಟ್ಟಿಯಾದ ಹಳೇ ಕಾಗದ ಸಿಕ್ಕರೆ ನಮಗೆ ಹಬ್ಬ. ಅಕ್ಕನ ಪುಸ್ತಕವನ್ನು ಅವಳು ಹೋದ ವಾರದಲ್ಲೇ ಕೂತು ಹೊಲಿದೆ. ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಕೈಗೆ ದಪ್ಪಗೆ ಹತ್ತಿದ್ದನ್ನು ಮಡಿಚಿ ಹಾಕಿಬಿಟ್ಟೆ. ಪ್ರತಿಯೊಂದು ಕೆಲಸಕ್ಕೂ ಏನೇನು ಬಳಸಿದೆ ಎಂದು ನಾನು ಒಂದು ಪುಸ್ತಕದಲ್ಲಿ ಬರೆದಿಡುತ್ತೇನೆ. ಆ ದಿನ ನನ್ನದೇ ಕೈಬರಹದಲ್ಲಿ ಹೀಗಿದೆ: "ಬೆನ್ನಿಗೆ: ದಪ್ಪ ಕಾಗದ, ಹಸಿರು ಮುದ್ರೆ ಇದ್ದದ್ದು." ಕರಾರು ಡ್ರಾಯರಿನಲ್ಲಿಲ್ಲ ಎಂದು ಗೊತ್ತಾದ ಮೇಲೆ ಅದನ್ನು ಓದಿದೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ನನ್ನ ಕೂಸು ನಿಮ್ಮ ಕಂಕುಳಲ್ಲಿದೆ.

ದಯವಿಟ್ಟು ಪುಸ್ತಕವನ್ನು ಕಳಿಸಿಕೊಡಿ. ಬಿಚ್ಚಿ, ಕಾಗದ ತೆಗೆದು, ಮೊದಲಿಗಿಂತ ಚೆನ್ನಾಗಿ ಕಟ್ಟಿಕೊಡುತ್ತೇನೆ. ನಾನೇ ಬರುತ್ತಿದ್ದೆ, ಆದರೆ ಎರಡು ದಿನ ಬಾಗಿಲು ಹಾಕಿದರೆ ವಾಪಸ್ ಬರುವಾಗ ಬೇರೆ ಬೀಗ ಇರುತ್ತದೇನೋ ಅಂತ ಭಯ.

ನಿಮ್ಮ ನಾದಿನಿ


ಏಪ್ರಿಲ್ 6

ನಾದಿನಿಗೆ,

ಮೂವತ್ತೊಂದು ವರ್ಷದಲ್ಲಿ ನಾನು ಟೈಪ್ ಮಾಡಿದ ಕಾಗದ ಸುಟ್ಟಿದ್ದನ್ನು ನೋಡಿದ್ದೇನೆ, ಹರಿದಿದ್ದನ್ನು ನೋಡಿದ್ದೇನೆ. ಒಬ್ಬ ಪ್ರತಿವಾದಿ ಅಗಿದು ನುಂಗಿದ್ದನ್ನೂ ನೋಡಿದ್ದೇನೆ. ಅಂಟು ಹಚ್ಚಿ ಪುಸ್ತಕದ ಬೆನ್ನಿಗೆ ಮೆತ್ತಿದ್ದನ್ನು ಕೇಳಿದ್ದು ಇದೇ ಮೊದಲು.

ಪುಸ್ತಕವನ್ನು ಅಂಚೆಯಲ್ಲಿ ಕಳಿಸುವುದಿಲ್ಲ. ಕಳೆದರೆ ಯಾರು ಹೊಣೆ? ಬಿಚ್ಚುವುದೂ ಬೇಡ. ಕಾರ್ಬನ್ ಪ್ರತಿಯನ್ನು ಇದರ ಜೊತೆ ಇಟ್ಟಿದ್ದೇನೆ. ಅದನ್ನು ತೋರಿಸಿ, ಅಸಲು ಕಳೆದಿದೆ ಅಂತ ಹೇಳು.

ಭಾವ


ಏಪ್ರಿಲ್ 12

ಭಾವನವರಿಗೆ,

ಕಾರ್ಬನ್ ಪ್ರತಿಯನ್ನು ಅಧಿಕಾರಿಯವರಿಗೆ ತೋರಿಸಿದೆ. "ಟೈಪಿಂಗ್ ಬಹಳ ಚೆನ್ನಾಗಿದೆ. ಸಹಿ ಎಲ್ಲಿ?" ಅಂದರು. ಕಳೆದಿದೆ ಅಂತ ಸುಳ್ಳು ಹೇಳಲು ಬಾಯಿ ಬರಲಿಲ್ಲ. ಎಲ್ಲಿದೆ ಅಂತ ಗೊತ್ತಿರುವುದು ಕಳೆದದ್ದು ಹೇಗಾಗುತ್ತದೆ?

ಒಂದು ಮಾತು ಹೇಳುತ್ತೇನೆ, ಸಿಟ್ಟು ಮಾಡಿಕೊಳ್ಳಬೇಡಿ. ಎರಡು ವರ್ಷ ವಾರಕ್ಕೊಮ್ಮೆ ತೆರೆದ ಪುಸ್ತಕದ ಬೆನ್ನು ಹೊಸದರ ಹಾಗೆ ಇರುವುದಿಲ್ಲ. ನಾನು ಕಟ್ಟಿದ್ದಾದರೂ ಅಷ್ಟೇ. ನೀವು ನಿಮ್ಮ ಸಾಕ್ಷಿಗಳನ್ನು ಬಲ್ಲಿರಿ, ನಾನು ನನ್ನ ಬೆನ್ನುಗಳನ್ನು ಬಲ್ಲೆ. ನೀವು ಅದನ್ನು ಒಂದು ಸಲವೂ ತೆರೆದಿಲ್ಲ. ಅಕ್ಕನ ಮೇಲಿನ ಪ್ರೀತಿಗೆ, ಕಟ್ಟಿದ ಹಾಗೇ ಇರಲಿ ಎಂದು ಇಟ್ಟುಕೊಂಡಿದ್ದೀರಿ ಅಂತ ನನಗೆ ಅರ್ಥವಾಗುತ್ತದೆ. ಅದಕ್ಕೆ ಬ್ಲೇಡು ಹಾಕಿ ಅನ್ನುವುದಕ್ಕೆ ನಾಚಿಕೆಯೂ ಆಗುತ್ತದೆ.

ಆದರೂ, ಮನಸ್ಸು ಬದಲಾದರೆ, ಹೀಗೆ ಮಾಡಿ. ಬೆನ್ನು ಮತ್ತು ರಟ್ಟು ಸೇರುವ ಎರಡೂ ಗೆರೆಗಳಲ್ಲಿ ತೆಳು ಬ್ಲೇಡಿನಿಂದ ಬಟ್ಟೆಯನ್ನು ಮಾತ್ರ ಸೀಳಿ. ಬಟ್ಟೆ ಎದ್ದರೆ ಒಳಗೆ ಮಡಿಚಿದ ಕಾಗದ ಕಾಣುತ್ತದೆ. ಅದು ಮೈದಾ ಅಂಟು, ನೀರಿಗೆ ಬಿಡುತ್ತದೆ. ಆದರೆ ಅಜ್ಜನ ಸಹಿ ಶಾಯಿ ಪೆನ್ನಿನದು, ಅದೂ ನೀರಿಗೆ ಬಿಡುತ್ತದೆ. ಚೆನ್ನಾಗಿ ಹಿಂಡಿದ ಒದ್ದೆ ಬಟ್ಟೆಯನ್ನು ಮಾತ್ರ ಇಟ್ಟು, ಕಾಲು ಗಂಟೆ ಕಾದು, ಮೊಂಡು ಚಾಕುವಿನಿಂದ ಒಂದು ತುದಿಯಿಂದ ಎಬ್ಬಿಸುತ್ತಾ ಹೋಗಿ. ಎಳೆಯಬೇಡಿ. ಅದಾಗಿಯೇ ಬರಬೇಕು. ಹೊಲಿಗೆಗೆ ಏನೂ ಆಗುವುದಿಲ್ಲ, ಅಕ್ಕನ ಒಂದು ಹಾಳೆಯೂ ಬಿಚ್ಚುವುದಿಲ್ಲ.

ನಿಮ್ಮ ನಾದಿನಿ


ಏಪ್ರಿಲ್ 24

ಭಾವನವರಿಗೆ,

ನಿಮ್ಮಿಂದ ಕಾಗದ ಬರಲಿಲ್ಲ. ಆರೋಗ್ಯ ತಾನೇ? ಈ ಸಲ ಪದ್ಧತಿ ಪ್ರಕಾರವೇ ಕೇಳುತ್ತಿದ್ದೇನೆ.

ಕೆಳಗಿನ ಕನ್ನಡಕದಂಗಡಿಯವರು ಭಾನುವಾರ ಖಾಲಿ ಮಾಡಿದರು. ಅವರ ಹತ್ತಿರ ಯಾವ ಕಾಗದವೂ ಇರಲಿಲ್ಲ, ಯಾರನ್ನೂ ಕೇಳಲೂ ಇಲ್ಲ. ಬಾಯಲ್ಲಿ ಹೇಳಿದ್ದಕ್ಕೇ ಹೊರಟರು. ಹೋಗುವಾಗ ಬಿಂದಿಗೆಯನ್ನು ನನಗೇ ಕೊಟ್ಟು ಹೋದರು.

ನಾನೂ ಒಂದು ಕೋಣೆ ನೋಡಿ ಬಂದೆ. ಮೇಜು ಹಿಡಿಯುತ್ತದೆ, ಪ್ರೆಸ್ಸು ಹಿಡಿಯುವುದಿಲ್ಲ. ಪ್ರೆಸ್ಸನ್ನು ಗುಜರಿಯವನು ತೆಗೆದುಕೊಳ್ಳುತ್ತಾನಂತೆ. ಪುಸ್ತಕದ ವಿಷಯ ಮರೆತುಬಿಡಿ. ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡದ್ದು, ನಿಮ್ಮನ್ನು ಯಾಕೆ ನೋಯಿಸಲಿ.

ನಿಮ್ಮ ನಾದಿನಿ


ಏಪ್ರಿಲ್ 29

ಗೋಂದಮ್ಮನಿಗೆ,

ರಿಜಿಸ್ಟರ್ಡ್ ಅಂಚೆ. ಎರಡು ರಟ್ಟಿನ ನಡುವೆ ಅಸಲು ಕರಾರು. ಹಸಿರು ಮುದ್ರೆ ಸ್ಪಷ್ಟವಾಗಿದೆ. ಸಹಿಯ ಬಾಲ ಸ್ವಲ್ಪ ಹರಡಿದೆ, ನನ್ನ ತಪ್ಪು, ಕಾಲು ಗಂಟೆ ಕಾಯಲಿಲ್ಲ. ಪ್ರೆಸ್ಸನ್ನು ಗುಜರಿಗೆ ಹಾಕಿದರೆ ನಾನು ನಿನ್ನ ಭಾವ ಅಲ್ಲ.

ಉಳಿದದ್ದು ಆಮೇಲೆ.

ಭಾವ


ಮೇ 11

ಪ್ರೀತಿಯ ಭಾವ,

ಉಳಿದಿದ್ದೇನೆ.

ಅಧಿಕಾರಿಯವರು ಕರಾರನ್ನು ಎರಡು ಬೆರಳಲ್ಲಿ ಹಿಡಿದು, "ಇದ್ಯಾಕಮ್ಮ ಹಪ್ಪಳದ ಹಾಗಿದೆ?" ಅಂದರು. ನಡೆದದ್ದನ್ನು ಹೇಳಿದೆ. ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿಕೊಂಡರು, ನಗು ತಡೆಯುವುದಕ್ಕೆ ಅಂತ ಕಾಣುತ್ತದೆ. ಆಮೇಲೆ ಅದನ್ನು ಅಳಿಯನವರ ಮುಂದೆ ಇಟ್ಟರು. ಅವರು ಸಹಿ ನೋಡಿದರು. ಬಾಲ ಹರಡಿದ್ದರೂ ಅವರಿಗೆ ಗುರುತು ಸಿಕ್ಕಿತು. "ನಮ್ಮ ಮಾವಂದೇ," ಅಂದರು, ಮೆಲ್ಲಗೆ. ಮುಗಿಯಿತು. ಇನ್ನೂ ಎರಡು ವರ್ಷ ಹನ್ನೊಂದು ಷರತ್ತೂ ಹಾಗೇ ನಡೆಯಬೇಕು ಎಂದು ಅಧಿಕಾರಿಯವರು ಬರೆದುಕೊಟ್ಟರು.

ಹೊರಗೆ ಮೆಟ್ಟಿಲ ಮೇಲೆ ಅಳಿಯನವರು ನಿಂತಿದ್ದರು. ಜಗಳಕ್ಕೇ ಅಂದುಕೊಂಡೆ. "ಮಾವನ ಕಾಗದಪತ್ರ ಒಂದು ಪೆಟ್ಟಿಗೆ ತುಂಬ ಇದೆ. ನಿಮ್ಮ ಕರಾರಿನ ಇನ್ನೊಂದು ಪ್ರತಿ ಅದರಲ್ಲೇ ಇರ್ಬೇಕು. ನಮ್ಮ ಮನೆಯವಳು ಅದನ್ನ ತೆಗೆಯೋಕೆ ಬಿಡ್ತಿಲ್ಲ. ಅಪ್ಪನ ಕೈಬರಹ ನೋಡೋಕಾಗಲ್ಲ ಅಂತಾಳೆ," ಅಂದರು. ನೀರು ನಿಲ್ಲಿಸಿದ್ದನ್ನು ನಾನು ಮರೆಯುವುದಿಲ್ಲ. ಆದರೂ ಆ ಪೆಟ್ಟಿಗೆಯ ವಿಷಯ ಕೇಳಿದ ಮೇಲೆ ಮನೆಯವರೆಗೂ ನಿಮ್ಮನ್ನೇ ನೆನೆಸಿಕೊಂಡು ನಡೆದೆ.

ಪುಸ್ತಕ ಈಗ ಹೇಗಿದೆ ಭಾವ?

ನಿಮ್ಮ ಗೋಂದಮ್ಮ


ಮೇ 18

ಪ್ರೀತಿಯ ಗೋಂದಮ್ಮನಿಗೆ,

ಇದನ್ನು ಟೈಪ್ ಮಾಡುತ್ತಿಲ್ಲ, ಕೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಕೆಟ್ಟದಾಗಿದೆ, ಸಹಿಸಿಕೋ.

ನೀನು ಬೆನ್ನುಗಳನ್ನು ಬಲ್ಲೆ, ಭಾವನನ್ನು ಪೂರ್ತಿ ಬಲ್ಲೆ ಎನ್ನುವ ಹಾಗಿಲ್ಲ. ಪುಸ್ತಕ ತೆರೆಯದೆ ಇದ್ದದ್ದು ಪ್ರೀತಿಗಲ್ಲ, ಭಯಕ್ಕೆ. ಮನೆ ಬಿಡಿಸುವ ಆದೇಶಗಳನ್ನು ನಾನು ಎಷ್ಟೋ ಸಲ ಮನೆಗೆ ತಂದು ಟೈಪ್ ಮಾಡುತ್ತಿದ್ದೆ. ಒಂದು ದಿನ ನಿನ್ನ ಅಕ್ಕ ಇಣುಕಿ ಓದಿದಳು. ವಿಧವೆ, ಮೂವರು ಮಕ್ಕಳು, ಏಳು ದಿನದೊಳಗೆ ಖಾಲಿ ಮಾಡಬೇಕು. "ನಿಮಗೂ ಈ ಮಷೀನಿಗೂ ಏನು ವ್ಯತ್ಯಾಸ?" ಅಂದಳು. ನಾನು ಆ ಆದೇಶದ ಉಳಿದ ಸಾಲುಗಳನ್ನು ಟೈಪ್ ಮಾಡಿ ಮುಗಿಸಿದೆ. ಅವಳು ಮತ್ತೆ ಕೇಳಲಿಲ್ಲ. ಅವಳು ನಿನಗೆ ವಾರಕ್ಕೊಂದು ಪತ್ರ ಬರೆಯುತ್ತಿದ್ದಳು. ನನಗೆ ಹೇಳದ್ದನ್ನೆಲ್ಲ ಅದರಲ್ಲಿ ಬರೆದಿರುತ್ತಾಳೆ, ಓದಿದರೆ ನನ್ನ ಕಥೆ ಮುಗಿಯಿತು ಅಂದುಕೊಂಡಿದ್ದೆ. ಎರಡು ವರ್ಷ ಆ ಪುಸ್ತಕದ ಧೂಳು ಒರೆಸಿದೆ, ತೆರೆಯಲಿಲ್ಲ.

ನಿನ್ನ ಪ್ರೆಸ್ಸು ಗುಜರಿಗೆ ಹೋಗುತ್ತದೆ ಅಂತ ಓದಿದ ಮೇಲೆ ಬ್ಲೇಡು ಹಿಡಿದೆ. ಇನ್ನೊಂದು ಮನೆ ಖಾಲಿಯಾಗುವುದಕ್ಕೆ ನನ್ನ ಕೈ ಕಾರಣವಾಗಬಾರದು ಅನ್ನಿಸಿತು. ಒದ್ದೆ ಬಟ್ಟೆ ಇಟ್ಟೆ. ಕಾಲು ಗಂಟೆ ಕಾಯಬೇಕಿತ್ತಲ್ಲ, ಸುಮ್ಮನೆ ಕೂರಲಾಗದೆ ಒಂದು ಪುಟ ತಿರುಗಿಸಿದೆ. ಅಲ್ಲೇ ಬರೆದಿದ್ದಳು: "ಇವರು ಟೈಪ್ ಮಾಡೋ ಸದ್ದಿನಲ್ಲೇ ನನಗೆ ಗೊತ್ತಾಗುತ್ತೆ ಕಣೇ. ಯಾರನ್ನಾದ್ರೂ ಮನೆ ಬಿಡಿಸೋ ಆದೇಶ ಇದ್ದ ದಿನ ಬೆರಳು ನಿಧಾನ. ಮಷೀನು ಅಂತ ಬೈದುಬಿಟ್ಟೆ. ಮಷೀನು ನಿಧಾನ ಮಾಡುತ್ತಾ?"

ಆಮೇಲೆ ಒದ್ದೆ ಬಟ್ಟೆಯ ನೆನಪಾಗಿ ಗಡಬಡಿಸಿ ಎತ್ತಿದೆ. ಸಹಿಯ ಬಾಲ ಹರಡಿದ್ದು ಹಾಗೆ. ಕಾಯಲಿಲ್ಲ ಅಂತ ನಿನಗೆ ಬರೆದದ್ದು ಸುಳ್ಳು, ಕಾದದ್ದೇ ಹೆಚ್ಚಾಯಿತು.

ಈಗ ನಿಜವಾಗಿ ಓದುತ್ತಿದ್ದೇನೆ, ದಿನಕ್ಕೆ ಒಂದೇ ಪತ್ರ. ಬೆನ್ನಿನ ಬಟ್ಟೆ ಹೋದ ಮೇಲೆ ಪುಸ್ತಕ ಮೇಜಿನ ಮೇಲೆ ಚಪ್ಪಟೆಯಾಗಿ ತೆರೆದುಕೊಂಡು ಮಲಗುತ್ತದೆ. ನಿನ್ನೆ ನಿನ್ನ ಕರಾರಿನ ಕಾಲದ ಪತ್ರಕ್ಕೆ ಬಂದೆ. ಒಂಬತ್ತನೇ ಷರತ್ತು ನೆನಪಿದೆಯಲ್ಲ, ಬಾಡಿಗೆದಾರಳ ನೆಂಟರು ಬಂದು ಹದಿನೈದು ದಿನದವರೆಗೆ ಇರಬಹುದು, ಮಾಲೀಕರು ತಡೆಯುವಂತಿಲ್ಲ ಎನ್ನುವುದು. ಅದು ಯಾವ ಕರಾರಿನಲ್ಲೂ ಇರುವುದಿಲ್ಲ ಅಂತ ನಾನು ಬೈದುಕೊಂಡೇ ಟೈಪ್ ಮಾಡಿದ್ದೆ. ಅವಳು ನಿನಗೆ ಹೀಗೆ ಬರೆದಿದ್ದಾಳೆ: "ನನ್ನೊಬ್ಬಳಿಗಾದ್ರೆ ಏಳು ದಿನ ಸಾಕಿತ್ತು. ಇವರೂ ಒಂದು ಸಲ ಮಷೀನು ಬಿಟ್ಟು ಬರಲಿ ಅಂತ ಹದಿನೈದು ಹಾಕಿಸಿದೀನಿ. ಇವರಿಗೆ ಹೇಳಬೇಡ."

ನೀನು ಹೇಳಲಿಲ್ಲ. ಅವಳು ಪ್ರತಿ ಸಲ ಹೊರಡೋಣ ಅಂದಾಗಲೂ ಈ ತೀರ್ಪು ಮುಗಿಯಲಿ, ಆ ತೀರ್ಪು ಮುಗಿಯಲಿ ಅಂದೆ. ಒಂದು ಸಲವೂ ಕರೆದುಕೊಂಡು ಬರಲಿಲ್ಲ. ಅದು ನನಗೆ ಯಾವಾಗಲೂ ನೋವೇ, ಇನ್ನು ಸರಿಮಾಡುವ ಹಾಗಿಲ್ಲ.

ನಿನ್ನ ಅಳಿಯ ಮಹಾಶಯರು ಮೆಟ್ಟಿಲಲ್ಲಿ ನಿಲ್ಲಿಸಿ, ಯಾರು ನೀವು, ಎಷ್ಟು ದಿನ ಇರ್ತೀರಿ ಅಂತ ಕೇಳಬಹುದು. ಕರಾರನ್ನು ಬಾಗಿಲ ಹತ್ತಿರವೇ ಇಟ್ಟಿರು. ಶನಿವಾರ ಬೆಳಗಿನ ಬಸ್ಸಿಗೆ ಬರುತ್ತಿದ್ದೇನೆ, ಪೂರಾ ಹದಿನೈದು ದಿನಕ್ಕೆ. ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡೇ ತರುತ್ತೇನೆ. ಹೊಸ ಬೆನ್ನು ಹಾಕಿಕೊಡು. ಈ ಸಲ ಏನು ಮಡಿಚಿ ಹಾಕುತ್ತೀಯೋ ಅದನ್ನು ಮೊದಲು ನನಗೆ ಓದಲು ಕೊಡು.

ನಿನ್ನ ಭಾವ